ಎಫ್‌ಬಿಐ ವರದಿಗೆ ಅಪೋಸ್ಟಿಲ್: ರಾಜ್ಯದ ಕಚೇರಿಯಲ್ಲಿ ಆಗುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಸ್ಪೇನ್ ವೀಸಾಕ್ಕೆ ಎಫ್‌ಬಿಐ ಹಿನ್ನೆಲೆ ವರದಿ (ಅಪರಾಧ ದಾಖಲೆ ಇದೆಯೇ ಇಲ್ಲವೇ ಎಂಬ ವರದಿ) ಕೇಳಿದ್ದಾರೆ. ಪಿಡಿಎಫ್ ಪ್ರಿಂಟ್ ತೆಗೆದು ನೋಟರಿ ಮಾಡಿಸಿ, ನಮ್ಮ ರಾಜ್ಯದಲ್ಲೇ ಅಪೋಸ್ಟಿಲ್ (ದಾಖಲೆಯ ಸಹಿ, ಮುದ್ರೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ಪ್ರಮಾಣಪತ್ರ) ಹಾಕಿಸಬಹುದಾ?

ಉತ್ತರ 1: ಬೇಡ, ನೋಟರಿ ಹತ್ತಿರ ಹೋಗಲೇಬೇಡಿ. ಇದು ಫೆಡರಲ್ ದಾಖಲೆ. ಅಪೋಸ್ಟಿಲ್ ಕೊಡುವುದು ಅಮೆರಿಕದ ವಿದೇಶಾಂಗ ಇಲಾಖೆಯ ಅಥೆಂಟಿಕೇಶನ್ಸ್ ಕಚೇರಿ ಮಾತ್ರ. ಅವರು ನೋಡುವುದು ವರದಿಯ ಮೇಲಿನ ಎಫ್‌ಬಿಐ ಮುದ್ರೆ ಮತ್ತು ಅಧಿಕಾರಿಯ ಸಹಿ. ನೋಟರಿ ಠಸ್ಸೆ ಬಿದ್ದರೆ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಎಲ್ಲ ಪುಟಗಳನ್ನೂ ಪ್ರಿಂಟ್ ಮಾಡಿ, ಡಿಎಸ್-4194 ಫಾರ್ಮ್ (ಆ ಕಚೇರಿಯ ಅರ್ಜಿ), ದಾಖಲೆಗೆ 20 ಡಾಲರ್‌ನಂತೆ ಚೆಕ್ ಅಥವಾ ಮನಿ ಆರ್ಡರ್, ನಿಮ್ಮ ವಿಳಾಸ ಬರೆದು ಅಂಚೆವೆಚ್ಚ ಕಟ್ಟಿದ ಲಕೋಟೆ ಸೇರಿಸಿ ಕಳಿಸಿ. ಎಫ್‌ಬಿಐಗೆ ಕಟ್ಟುವ 18 ಡಾಲರ್ ಬೇರೆ.

ಉತ್ತರ 2: ಫಾರ್ಮಿನಲ್ಲಿ ದೇಶದ ಹೆಸರು ಬರೆಯುವ ಜಾಗ ಚಿಕ್ಕದು, ಆದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಸ್ಪೇನ್ ಹೇಗ್ ಒಪ್ಪಂದದಲ್ಲಿದೆ (ಒಬ್ಬರ ಅಪೋಸ್ಟಿಲ್ ಇನ್ನೊಬ್ಬರು ಒಪ್ಪುವ ದೇಶಗಳ ಒಪ್ಪಂದ), ಹಾಗಾಗಿ ಅಪೋಸ್ಟಿಲ್ ಸಾಕು. ಯುಎಇಯಂಥ ಒಪ್ಪಂದದ ಹೊರಗಿನ ದೇಶವಾದರೆ ಬೇರೆಯೇ ಪ್ರಮಾಣಪತ್ರ ಕೊಡುತ್ತಾರೆ, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಒಪ್ಪಂದದ ದೇಶಗಳ ಹಳೆಯ ಪಟ್ಟಿ ನಂಬಬೇಡಿ: ಚೀನಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ.

ಉತ್ತರ 3: ಅಪೋಸ್ಟಿಲ್ ಬಂದ ಮೇಲೆ ಸ್ಕ್ಯಾನ್ ಮಾಡಲೆಂದು ಅದನ್ನು ವರದಿಗೆ ಸೇರಿಸಿದ ಸ್ಟೇಪಲ್ ಪಿನ್ ಬಿಚ್ಚಬೇಡಿ, ಬಿಚ್ಚಿದ ಗುರುತು ಕಂಡರೆ ತಿರಸ್ಕರಿಸಬಹುದು. ಸ್ಪ್ಯಾನಿಷ್ ಅನುವಾದವನ್ನು ಅಪೋಸ್ಟಿಲ್ ಆದ ನಂತರವೇ ಮಾಡಿಸಿ, ಅಪೋಸ್ಟಿಲ್ ಹಾಳೆಯೂ ಅನುವಾದ ಆಗಬೇಕು.