‘ಮೇಕ್ ಡೂ’, ‘ಡೂ ವಿದೌಟ್’, ‘ಈಕ್ ಔಟ್’: ಎಲ್ಲವೂ ‘ಹೇಗೋ ನಿಭಾಯಿಸು’ವೇ?

ಯುದ್ಧಕಾಲದ ಬ್ರಿಟನ್ನಿನ ಬಗ್ಗೆ ಒಂದು ಬರಹ ಕನ್ನಡಕ್ಕೆ ತರುತ್ತಿದ್ದೇನೆ. ಇರುವುದರಲ್ಲೇ ಸಂಭಾಳಿಸುವುದಕ್ಕೆ ಇಂಗ್ಲಿಷಿನಲ್ಲಿ ಹತ್ತಾರು ಮಾತುಗಳಿವೆ. ಎಲ್ಲಕ್ಕೂ ‘ಹೇಗೋ ನಿಭಾಯಿಸು’ ಅಂತ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

1940ರ ಜುಲೈಯಲ್ಲಿ ಅಲ್ಲಿ ಚಹಾಕ್ಕೂ ರೇಷನ್ ಬಂತು. ತಲೆಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಅಷ್ಟು ಪುಡಿಯಲ್ಲೇ ವಾರ ತಳ್ಳಿದರೆ ‘ಮೇಕ್ ಡೂ ವಿತ್’. ಪುಡಿ ಪೂರ್ತಿ ಮುಗಿದು, ಚಹಾ ಇಲ್ಲದೆಯೇ ಇದ್ದರೆ ‘ಡೂ ವಿದೌಟ್’. ಮೊದಲನೆಯದರಲ್ಲಿ ಕೈಯಲ್ಲಿ ಏನೋ ಇದೆ, ಸಾಲದು ಅಷ್ಟೇ. ಇಲ್ಲಿನ ‘ಡೂ’ಗೆ ‘ಮಾಡು’ ಅನ್ನುವ ಅರ್ಥವಿಲ್ಲ; ‘ದಟ್ ವಿಲ್ ಡೂ’ ಅನ್ನುವಾಗಿನ ‘ಸಾಕಾಗು’ ಅದು. ಸಾಲದ್ದನ್ನು ಸಾಕು ಮಾಡಿಕೊಳ್ಳುವುದೇ ‘ಮೇಕ್ ಡೂ’. ವಸ್ತುವಿನ ಹೆಸರು ಹೇಳಬೇಕಾದರೆ ‘ವಿತ್’ ಬೇಕೇ ಬೇಕು, ‘ಮೇಕ್ ಡೂ ದಿ ಟೀ’ ಅನ್ನುವಂತಿಲ್ಲ. 1943ರಲ್ಲಿ ಅಲ್ಲಿನ ಸರ್ಕಾರದ ವಾಣಿಜ್ಯ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್‌ಗಾಗಿ ಹೊರಟ ‘ಮೇಕ್ ಡೂ ಅಂಡ್ ಮೆಂಡ್’ ಎಂಬ ಕೈಪಿಡಿ, ಬಟ್ಟೆಗೆ ತೇಪೆ ಹಾಕುವುದು, ರಫೂ ಮಾಡುವುದು, ಹಳೆ ಉಡುಪನ್ನು ಬಿಚ್ಚಿ ಹೊಸದಾಗಿ ಹೊಲಿಯುವುದು ಇಂಥವನ್ನೆಲ್ಲ ಹೇಳಿಕೊಟ್ಟಿತು. ಬಟ್ಟೆಗೂ ಆಗ ಕೂಪನ್ ಇತ್ತಲ್ಲ!

‘ಗೆಟ್ ಬೈ’ಗೆ ಸಾಮಾನ್ಯವಾಗಿ ‘ಆನ್’ ಜೊತೆ: ಇಷ್ಟು ಸಂಬಳದಲ್ಲಿ, ಇಷ್ಟೇ ನಿದ್ದೆಯಲ್ಲಿ ದಿನ ದೂಡುವುದು. ‘ಸೆಟ್ಲ್ ಫಾರ್’ ಬೇರೆಯೇ. ಬೇಕಾದ್ದು ಸಿಗದಾಗ ಸಿಕ್ಕಿದ್ದಕ್ಕೆ ಒಪ್ಪಿಕೊಂಡಂತೆ.

ನಾನು ಸಿಕ್ಕಿಬಿದ್ದಿರುವುದು ‘ಈಕ್ ಔಟ್’ನಲ್ಲಿ. ‘ಈಕ್’ ಅಂದರೆ ಮೂಲದಲ್ಲಿ ಹೆಚ್ಚಿಸು, ಕೂಡಿಸು. ‘ಆ್ಯನ್ ಈಕ್ ನೇಮ್’, ಅಂದರೆ ಇನ್ನೊಂದು ಹೆಸರು, ಬಾಯಿಂದ ಬಾಯಿಗೆ ಹೋಗಿ ‘ಎ ನಿಕ್‌ನೇಮ್’ ಆದದ್ದು ಇದರಿಂದಲೇ. ಹಾಗಾಗಿ ಮಾಂಸಕ್ಕೆ ಆಲೂಗಡ್ಡೆ ಬೆರೆಸಿ ಮನೆಮಂದಿಗೆಲ್ಲ ಸಾಲುವಂತೆ ಮಾಡಿದರೂ ‘ಈಕ್ ಔಟ್’, ಚಹಾಪುಡಿಯನ್ನು ಚಿಟಿಕೆ ಚಿಟಿಕೆ ಬಳಸಿ ವಾರಪೂರ್ತಿ ಎಳೆದರೂ ‘ಈಕ್ ಔಟ್’. ‘ಈಕ್ ಔಟ್ ಎ ಲಿವಿಂಗ್’ಗೆ ನಮ್ಮ ‘ಹೊಟ್ಟೆ ಹೊರೆ’ ಸಾಕು, ಅದರ ತಕರಾರಿಲ್ಲ.

ಅಡುಗೆಮನೆಯಲ್ಲಿ “ಈ ಅಕ್ಕಿ ಚೆನ್ನಾಗಿ ಒದಗುತ್ತೆ”, “ಸಾರಿಗೆ ಇನ್ನೊಂದು ಲೋಟ ನೀರು ಹಾಕು, ಒದಗುತ್ತೆ” ಅನ್ನುತ್ತೇವೆ. ಅರ್ಥ ಪಕ್ಕಾ ಇದೇ. ಆದರೆ ‘ಚಹಾ ಒದಗಿಸಿದರು’ ಅಂತ ಬರೆದರೆ ಸರಬರಾಜು ಮಾಡಿದರು ಅಂತಾಗಿಬಿಡುತ್ತದೆ. ‘ಒದಗುವಂತೆ ಮಾಡಿದರು’ ಅಂದರೆ ಎಲ್ಲ ಕಡೆಯ ಓದುಗರಿಗೂ ತಿಳಿಯುತ್ತದೆಯೇ? ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಇದಕ್ಕೆ ಏನನ್ನುತ್ತೀರಿ?