ಡ್ಯೂಟಿ ಹೊತ್ತಿಗೊಂದು ರೈಲು, ನಮ್ಮ ಬಳ್ಳಾರಿ ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ ನಿಲ್ಲಲಿ: ಭಾನುವಾರದೊಳಗೆ ಎಲ್ಲರೂ ಬರೆಯಿರಿ

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಸಂಘದ ಕಳೆದ ಸಭೆಯಲ್ಲಿ ರಸ್ತೆ ಉಬ್ಬು ಬೇಕು ಅಂದವರಿದ್ದರು, ನೋ ಪಾರ್ಕಿಂಗ್ ಬೋರ್ಡ್ ಬೇಕು ಅಂದವರಿದ್ದರು, ಬೆಳಗಿನ ಜಾವದ ಹಾರ್ನ್ ನಿಲ್ಲಿಸಿ ಅಂದವರೂ ಇದ್ದರು. ಬೆಳಿಗ್ಗೆ ಐದಕ್ಕೆ ಮುಖ್ಯರಸ್ತೆಯ ತುದಿಯಲ್ಲಿ ನಿಂತು ನೋಡಿ. ಮೂರಕ್ಕೂ ಕಾರಣ ಅಲ್ಲೇ ಸಿಗುತ್ತದೆ. ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರಟ ಬೈಕುಗಳು, ಗುತ್ತಿಗೆ ಕೆಲಸದವರನ್ನು ತುಂಬಿಕೊಂಡ ಟೆಂಪೋಗಳು, ಒಬ್ಬೊಬ್ಬರೇ ಕೂತ ಕಾರುಗಳು. ಈ ಊರಿನಿಂದ ಕೆಲಸಕ್ಕೆ ಹೋಗಲು ಸ್ವಂತ ಗಾಡಿ ಬೇಕೇ ಬೇಕು ಅನ್ನುವಂತಾಗಿದೆ. ಗಾಡಿ ಮನೆಗೆ ಎರಡಾದ ಮೇಲೆ ಬೀದಿಯಲ್ಲಿ ಜಾಗ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಆಗುತ್ತಿರುವುದು ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ. ಬಳ್ಳಾರಿಯಿಂದ ಹೊಸಪೇಟೆಗೆ ಜೋಡಿ ಹಳಿ ಇದೆ, ಮೇಲೆ ಕರೆಂಟ್ ತಂತಿ ಇದೆ, ದೂರ ಸುಮಾರು 65 ಕಿ.ಮೀ. ಹಂಪಿ ಎಕ್ಸ್‌ಪ್ರೆಸ್, ಅಮರಾವತಿ, ಹರಿಪ್ರಿಯಾ ಎಲ್ಲಾ ಇದೇ ಹಳಿಯ ಮೇಲೆ ಓಡುತ್ತವೆ. ಆದರೆ ಅವು ದೂರದೂರಿನವರಿಗಾಗಿ ಇಟ್ಟ ಗಾಡಿಗಳು. ಹಿಂದೆ ಎಲ್ಲೋ ತಡವಾದರೆ ಇಲ್ಲಿ ನಮ್ಮ ಡ್ಯೂಟಿ ತಪ್ಪುತ್ತದೆ. ಅದಕ್ಕೆ ನಾವು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಲು ಆಗುವಂಥ ಲೋಕಲ್ ಗಾಡಿ ಕೇಳೋಣ ಅಂತಿದ್ದೇನೆ. ಕಂಟೋನ್ಮೆಂಟ್, ಕುಡತಿನಿ, ತೋರಣಗಲ್ಲು, ಗಾದಿಗನೂರು, ಪಾಪಿನಾಯಕನಹಳ್ಳಿ, ಎಲ್ಲ ಕಡೆ ನಿಲ್ಲಬೇಕು. ನಿಮ್ಮ ಮಾತು ಹೇಳಿ.

4ನೇ ಕ್ರಾಸ್, ಹಾಲಿನ ಬೂತ್ ಎದುರು ಮನೆ:
ಸರ್, ನನ್ನ ಒಪ್ಪಿಗೆ ಇದೆ. ನಮ್ಮ ಮನೆಯವರು ಬೈಕಿನಲ್ಲೇ ಹೋಗಿ ಬರುತ್ತಾರೆ. ಸಂಜೆ ಬಂದು ಹೆಲ್ಮೆಟ್ ತೆಗೆದರೆ ಮುಖದ ಮೇಲೆ ಕೆಂಪು ಗೆರೆ, ಕರ್ಚೀಫು ಒಗೆದರೂ ಬಣ್ಣ ಬಿಡುವುದಿಲ್ಲ. ಧೂಳಾದರೂ ಹೋಗಲಿ. ಅದಿರಿನ ಲಾರಿ, ಕಲ್ಲಿದ್ದಲ ಲಾರಿ, ಮಧ್ಯದಲ್ಲಿ ಇವರು. ಹೆದ್ದಾರಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆಯಿಂದ ನಡೆಯುತ್ತಲೇ ಇದೆ. ಒಂದು ಕಡೆ ಹೊಸ ರಸ್ತೆ, ಸ್ವಲ್ಪ ಮುಂದೆ ಹೋದರೆ ಡೈವರ್ಷನ್, ರಾತ್ರಿ ಹೊತ್ತು ಯಾವುದು ಎಲ್ಲಿ ತಿರುಗುತ್ತದೆ ಅಂತ ಗೊತ್ತಾಗುವುದಿಲ್ಲ. ಎರಡನೇ ಪಾಳಿ ಮುಗಿಸಿ ಬರುವ ದಿನ ಕುಡತಿನಿ ದಾಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಅದು ಬರುವ ತನಕ ನನಗೆ ನಿದ್ದೆ ಇಲ್ಲ.

1ನೇ ಕ್ರಾಸ್, ಮೂಲೆ ಮನೆ:
ಹೆದ್ದಾರಿ ಪೂರ್ತಿ ಆದರೆ ಎಲ್ಲಾ ಸರಿಹೋಗುತ್ತದೆ ಅಲ್ವಾ? ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸುಗಳೂ ಹೊಸಪೇಟೆಗೆ ಸಾಕಷ್ಟಿವೆ. ರೈಲು ಅಂತ ಹೊರಟರೆ ಅರ್ಜಿ ಹುಬ್ಬಳ್ಳಿಗೆ, ಅಲ್ಲಿಂದ ದೆಹಲಿಗೆ. ಬೆಂಗಳೂರಿನವರೇ ಉಪನಗರ ರೈಲಿಗೆ 1983ರಿಂದ ಕಾದರು. 148 ಕಿ.ಮೀ., ನಾಲ್ಕು ಮಾರ್ಗ ಅಂತ 2020ರಲ್ಲಿ ಒಪ್ಪಿಗೆ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ. ರಾಜಧಾನಿಗೇ ಆ ಗತಿಯಾದರೆ ಬಳ್ಳಾರಿಯನ್ನು ಯಾರು ಕೇಳುತ್ತಾರೆ?

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್:
ಅಣ್ಣಾ, ಬೆಂಗಳೂರಿನವರದು ಬೇರೆ ಹಳಿ, ಬೇರೆ ಸ್ಟೇಷನ್, ಸಾವಿರಾರು ಕೋಟಿಯ ಕೆಲಸ. ನಮಗೆ ಒಂದು ಅಡಿ ಜಮೀನೂ ಬೇಡ. ಇರುವ ಹಳಿಯ ಮೇಲೆ ಸರಿಯಾದ ಹೊತ್ತಿಗೆ ಒಂದು ಗಾಡಿ ಬೇಕು, ಅಷ್ಟೇ. ರಸ್ತೆ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ರಸ್ತೆ ಅಗಲವಾದಷ್ಟೂ ಗಾಡಿ ಜಾಸ್ತಿಯಾಗುತ್ತವೆ. ಸಂಜೆ ಅವೆಲ್ಲ ಬಂದು ನಿಲ್ಲುವುದು ನಿಮ್ಮ ಮನೆ ಮೂಲೆಯಲ್ಲೇ.

3ನೇ ಕ್ರಾಸ್, ನಿವೃತ್ತ ರೈಲ್ವೆ ನೌಕರ:
ಮೂವತ್ತು ವರ್ಷ ಇದೇ ಇಲಾಖೆಯ ಅನ್ನ ತಿಂದವನು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಸುಮ್ನೆ "ರೈಲು ಬಿಡಿ" ಅಂತ ಬರೆದರೆ ಒಂದೇ ಸಾಲಿನ ಉತ್ತರ ಬರುತ್ತದೆ: ಪಾತ್ ಇಲ್ಲ. ಅಂದರೆ ಹಳಿ ಮೇಲೆ ಆ ಹೊತ್ತಿಗೆ ಜಾಗ ಖಾಲಿ ಇಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಕುಡತಿನಿಯ 1,700 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರಬೇಕು. ಸಂಡೂರು ಕಡೆಯಿಂದ ಅದಿರು ಹೊರಡಬೇಕು. ರೈಲ್ವೆ ಗೇಟಿನಲ್ಲಿ ನಿಂತು ಎಣಿಸಿದವರಿಗೆ ಗೊತ್ತು, ಒಂದು ಅದಿರಿನ ಗೂಡ್ಸ್‌ಗೆ 58 ವ್ಯಾಗನ್. ರೈಲ್ವೆಗೆ ದುಡ್ಡು ಬರುವುದು ಅದರಿಂದ, ಹತ್ತು ರೂಪಾಯಿ ಟಿಕೆಟ್ಟಿನಿಂದಲ್ಲ. ಹೀಗಾಗಿ ಯಾವ ಗಾಡಿ, ಎಷ್ಟು ಹೊತ್ತಿಗೆ, ರಾತ್ರಿ ಎಲ್ಲಿ ನಿಲ್ಲಿಸಬೇಕು ಅಂತ ನಾವೇ ಬರೆದು ಕೊಡಬೇಕು.

ಕೇಳಬೇಕಾದದ್ದು ಮೆಮು, ಅಂದರೆ ಬೇರೆ ಇಂಜಿನ್ ಇಲ್ಲದೆ ಕರೆಂಟಿನಲ್ಲಿ ಓಡುವ ಲೋಕಲ್ ಗಾಡಿ. ಅದಕ್ಕೆ ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುತ್ತದೆ. ಹೊಸಪೇಟೆಗೆ ಹೋದ ಮೇಲೆ ಇಂಜಿನ್ ಬಿಚ್ಚಿ ಆ ಕಡೆ ತಂದು ಕಟ್ಟುವ ಕೆಲಸ ಇಲ್ಲ. ಡ್ರೈವರ್ ಆ ತುದಿಗೆ ನಡೆದು ಹೋದರೆ ಆಯಿತು, ಗಾಡಿ ವಾಪಸ್. ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಹಾಗಾಗಿ ಐದಾರು ಕಡೆ ನಿಂತರೂ ಹಿಂದೆ ಬರುವ ಗಾಡಿಗೆ ಹೆಚ್ಚು ತೊಂದರೆ ಇಲ್ಲ. ರೈಲ್ವೆಯವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ನಾವು ತಿಳಿದುಕೊಂಡು ಕೇಳುತ್ತಿದ್ದೇವೆ ಅಂತ ಅವರಿಗೆ ಗೊತ್ತಾಗಬೇಕು.

ಇನ್ನೊಂದು ಸುದ್ದಿ. ಬಳ್ಳಾರಿ–ಚಿಕ್ಕಜಾಜೂರು 185 ಕಿ.ಮೀ. ಜೋಡಿ ಹಳಿಗೆ 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದೆ, 3,342 ಕೋಟಿ. ಅದು ಮುಗಿದರೆ ರಾಯದುರ್ಗದ ಕಡೆ ಹೋಗುವ ಗೂಡ್ಸ್‌ಗಳು ಬಳ್ಳಾರಿಯಲ್ಲಿ ಒಂಟಿ ಹಳಿಗಾಗಿ ಕಾಯುವುದು ಕಡಿಮೆಯಾಗುತ್ತದೆ. ತೋರಣಗಲ್ಲು ಕಡೆಯ ಒತ್ತಡ ಇದರಿಂದ ಪೂರ್ತಿ ಇಳಿಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಹೊಸ ಜಾಗ ಹುಟ್ಟುವ ಮೊದಲೇ ನಮ್ಮ ಬೇಡಿಕೆ ಕಡತದಲ್ಲಿರಬೇಕು. ಇಲ್ಲದಿದ್ದರೆ ಆ ಜಾಗವೂ ಗೂಡ್ಸ್ ಪಾಲು.

ಅರ್ಜಿ ಹೋಗಬೇಕಾದದ್ದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗೀಯ ವ್ಯವಸ್ಥಾಪಕರಿಗೆ. ಅದರ ನಕಲು ನಮ್ಮ ಸಂಸದರಿಗೆ, ವಿಭಾಗದ ಬಳಕೆದಾರರ ಸಲಹಾ ಸಮಿತಿಗೆ. 2025ರ ವೇಳಾಪಟ್ಟಿ ಜನವರಿ 1ರಿಂದ ಜಾರಿಗೆ ಬಂತು. ಅದರ ಲೆಕ್ಕಾಚಾರ ತಿಂಗಳುಗಟ್ಟಲೆ ಮೊದಲೇ ನಡೆದಿರುತ್ತದೆ. ಡಿಸೆಂಬರ್‌ನಲ್ಲಿ ಎದ್ದರೆ ಪ್ರಯೋಜನ ಇಲ್ಲ.

5ನೇ ಕ್ರಾಸ್, ಪಾರ್ಕ್ ಪಕ್ಕ:
ಅಂಕಲ್, ತುಂಬಾ ಉಪಯೋಗವಾಯಿತು. ಕೆನಡಾದಲ್ಲಿ ಟೊರಾಂಟೊ ಪಕ್ಕ ಅಕ್ಕ ಇದ್ದಾಳೆ, ಅಲ್ಲಿಗೆ ಹೋಗಿದ್ದಾಗ ನೋಡಿದ್ದು ಹೇಳುತ್ತೇನೆ. ಅದು ಕಾರಿನವರ ಊರು. ಹಾಲು ತರಲೂ ಕಾರು. ಆದರೂ ಗೋ ಟ್ರಾನ್ಸಿಟ್ ಅಂತ ರೈಲು ಇದೆ. 1967ರ ಮೇ 23ಕ್ಕೆ ಒಂಟಾರಿಯೊ ಸರ್ಕಾರ ಅದನ್ನು ಪ್ರಯೋಗ ಅಂತಲೇ ಶುರು ಮಾಡಿತ್ತು. ಕೆನಡಿಯನ್ ನ್ಯಾಷನಲ್ ರೈಲ್ವೆಯ ಹಳಿಯ ಮೇಲೇ ಓಡಿಸಿದರು. ಗೂಡ್ಸ್ ಗಾಡಿಗಳಿಗೆ ಊರಾಚೆ ಬೇರೆ ದಾರಿ ಆಗಿ ಸರೋವರದ ಪಕ್ಕದ ಹಳಿಯಲ್ಲಿ ಜಾಗ ಸಿಕ್ಕಿತ್ತು. ನೀವು ಹೇಳಿದ ಹಾಗೆಯೇ.

ನನಗೆ ಇಷ್ಟವಾದದ್ದು ಬೇರೆ. ಓಕ್‌ವಿಲ್‌ನಿಂದ ಪಿಕರಿಂಗ್‌ಗೆ ಮೊದಲಿನಿಂದಲೂ ಇಡೀ ದಿನ ಗಂಟೆಗೊಂದು ಗಾಡಿ ಇಟ್ಟರು, ಆಫೀಸ್ ಹೊತ್ತಿಗೆ ಮಾತ್ರ ಅಲ್ಲ. ಮಧ್ಯಾಹ್ನ ಜ್ವರ ಬಂದರೂ ಮನೆಗೆ ಬರಬಹುದು ಅಂತ ಗ್ಯಾರಂಟಿ ಇದ್ದರೆ ತಾನೇ ಜನ ಬೆಳಿಗ್ಗೆ ಕಾರು ಬಿಟ್ಟು ಹೋಗುವುದು? ನಾವೂ ಮಧ್ಯಾಹ್ನ ಒಂದು ಗಾಡಿ ಕೇಳಲೇಬೇಕು. ಎರಡು ಗಂಟೆಗೆ ಪಾಳಿ ಬಿಡುವವರಿಗೂ ಅದೇ ಆಗುತ್ತದೆ.

4ನೇ ಕ್ರಾಸ್, ಹಾಲಿನ ಬೂತ್ ಎದುರು ಮನೆ:
ಆ ಕಡೆಯಿಂದ ಬರುವವರನ್ನೂ ಮರೆಯಬೇಡಿ. ವಿಮ್ಸ್ ಸರ್ಕಾರಿ ಆಸ್ಪತ್ರೆ (ಈಗ ಬಿಎಂಸಿಆರ್‌ಸಿ ಅಂತಾರೆ) ಇರುವುದು ನಮ್ಮ ಕಂಟೋನ್ಮೆಂಟ್ ಕಡೆ. ಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಇಲ್ಲೇ. ಕುಡತಿನಿ, ಗಾದಿಗನೂರಿನಿಂದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಓಪಿಡಿ ಚೀಟಿಗೆ ಬರುವ ಹೆಂಗಸರು ಬಸ್ ಇಳಿದು ಮತ್ತೆ ಆಟೋಗೆ ಕೊಡುತ್ತಾರೆ. ಗಾಡಿ ಹೋಗುವಾಗಲೂ ತುಂಬುತ್ತದೆ, ಬರುವಾಗಲೂ ತುಂಬುತ್ತದೆ. ಅರ್ಜಿಯಲ್ಲಿ ಇದನ್ನೇ ಮೊದಲು ಬರೆಯಿರಿ.

6ನೇ ಕ್ರಾಸ್, ಬಾಡಿಗೆ ಮನೆ:
ನಾನು ಗುತ್ತಿಗೆ ಕೆಲಸಗಾರ. ಪರ್ಮನೆಂಟ್ ಆದವರಿಗೆ ಬಸ್ ಇದೆ, ನಮಗಿಲ್ಲ. ಪೆಟ್ರೋಲಿಗೆ ಹೋಗುವ ದುಡ್ಡು ನೋಡಿದರೆ ಹೊಟ್ಟೆ ಉರಿಯುತ್ತದೆ. ರೈಲಾದರೆ ತಿಂಗಳ ಪಾಸ್ ಎಷ್ಟಾಗಬಹುದು? ಇನ್ನೊಂದು ಮಾತು, ತೋರಣಗಲ್ಲು ಸ್ಟೇಷನ್ ಇಳಿದ ಮೇಲೆ ಕಾರ್ಖಾನೆ ಗೇಟಿಗೆ ಹೇಗೆ ಹೋಗಬೇಕು? ನಡೆದರೆ ಪಂಚಿಂಗ್ ತಪ್ಪುತ್ತದೆ.

3ನೇ ಕ್ರಾಸ್, ನಿವೃತ್ತ ರೈಲ್ವೆ ನೌಕರ:
ಪಾಸ್ ಸುಮಾರು ಹದಿನೈದು ಸಲದ ಟಿಕೆಟ್ ದುಡ್ಡಿಗೆ ಸಿಗುತ್ತದೆ ತಮ್ಮಾ, ತಿಂಗಳಿಡೀ ಹೋಗಿ ಬರಬಹುದು. 150 ಕಿ.ಮೀ. ತನಕ ಕೊಡುತ್ತಾರೆ. ಕೊರೋನಾ ಆದ ಮೇಲೆ ಪ್ಯಾಸೆಂಜರ್ ಗಾಡಿಗೂ ಕನಿಷ್ಠ 30 ರೂಪಾಯಿ ಮಾಡಿದ್ದರು. 2024ರ ಫೆಬ್ರುವರಿಯಲ್ಲಿ ಮತ್ತೆ 10ಕ್ಕೆ ಇಳಿಸಿದರು. ಜನ ಬಿಡದೆ ಕೇಳಿದ್ದರಿಂದಲೇ ಅದು ಆಗಿದ್ದು ಅಂತ ನನ್ನ ನಂಬಿಕೆ.

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್:
ಗೇಟಿನ ಪ್ರಶ್ನೆ ಬಹಳ ದೊಡ್ಡದು. ಸ್ಟೇಷನ್ನಿನಿಂದ ಆಚೆ ದಾರಿ ಇಲ್ಲದಿದ್ದರೆ ಜನ ಮತ್ತೆ ಬೈಕ್ ಹತ್ತುತ್ತಾರೆ, ಖಾಲಿ ಗಾಡಿ ತೋರಿಸಿ ರೈಲ್ವೆಯವರು ನಿಲ್ಲಿಸಿಬಿಡುತ್ತಾರೆ. ಗಾಡಿ ಬರುವ ಹೊತ್ತಿಗೆ ತೋರಣಗಲ್ಲು ಸ್ಟೇಷನ್ ಮುಂದೆ ಒಂದು ಬಸ್ ನಿಲ್ಲಿಸಿ ಅಂತ ಸಾರಿಗೆ ಸಂಸ್ಥೆಗೆ, ಅಲ್ಲಿನ ಕಾರ್ಖಾನೆಗಳಿಗೆ ಬೇರೆ ಪತ್ರ ಬರೆಯೋಣ. ನಮ್ಮ ಕಡೆ ಕಂಟೋನ್ಮೆಂಟ್ ಸ್ಟೇಷನ್ನಿನ ದಾರಿಗೆ ರಾತ್ರಿ ಬೆಳಕು ಬೇಕು. ಅದು ಪಾಲಿಕೆ ಕೆಲಸ, ಅದನ್ನು ಈ ವಾರವೇ ಕೇಳಬಹುದು.

1ನೇ ಕ್ರಾಸ್, ಮೂಲೆ ಮನೆ:
ಆಯಿತಪ್ಪ, ನನ್ನ ಸಹಿಯೂ ಇರಲಿ. ಆದರೆ ಬರೀ ನಮ್ಮ ಬಡಾವಣೆ ಹೆಸರಲ್ಲಿ ಹೋದರೆ ತೂಕ ಇರುವುದಿಲ್ಲ. ಕುಡತಿನಿ, ಗಾದಿಗನೂರು ಪಂಚಾಯಿತಿ ಕಡೆಯವರನ್ನೂ, ಹೊಸಪೇಟೆಯವರನ್ನೂ ಸೇರಿಸಿಕೊಳ್ಳಿ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದ ಮೇಲೆ ಆ ಕಡೆ ಈ ಕಡೆ ಆಫೀಸಿಗೆ ಓಡಾಡುವ ನೌಕರರೂ ಇದ್ದಾರೆ. ಎರಡು ಜಿಲ್ಲೆಯ ಸಹಿ ಇದ್ದರೆ ಹುಬ್ಬಳ್ಳಿಯಲ್ಲಿ ಓದುತ್ತಾರೆ. ಹೊಸಪೇಟೆಯಲ್ಲಿ ನನ್ನ ಭಾಮೈದ ಇದ್ದಾನೆ, ಅವನಿಗೆ ಹೇಳುತ್ತೇನೆ.

ಸಂಘದ ಕಾರ್ಯದರ್ಶಿ, 2ನೇ ಕ್ರಾಸ್:
ಬಹಳ ಸಂತೋಷ ಅಣ್ಣಾ. ಹಾಗಾದರೆ ಹೀಗೆ ಮಾಡೋಣ. ಪ್ರತಿ ಕ್ರಾಸ್‌ನಿಂದ ಒಬ್ಬರು ಮನೆ ಮನೆಗೆ ಹೋಗಿ ಬರೆದುಕೊಳ್ಳಿ: ಯಾರು ಎಲ್ಲಿಗೆ ಹೋಗುತ್ತಾರೆ, ಎಷ್ಟು ಗಂಟೆಗೆ ಅಲ್ಲಿ ಇರಬೇಕು, ವಾಪಸ್ ಯಾವಾಗ, ಈಗ ಯಾವುದರಲ್ಲಿ ಹೋಗುತ್ತಾರೆ. ಹೆಸರು, ಫೋನ್ ನಂಬರ್ ಗುಂಪಿನಲ್ಲಿ ಹಾಕಬೇಡಿ, ಕಾಗದದಲ್ಲೇ ಇರಲಿ. ಉತ್ಪ್ರೇಕ್ಷೆ ಬೇಡ. ಹೋಗದವರನ್ನು ಹೋಗುತ್ತಾರೆ ಅಂತ ಬರೆದರೆ ಗಾಡಿ ಬಂದ ಮೇಲೆ ನಾವೇ ಸಿಕ್ಕಿಬೀಳುತ್ತೇವೆ. ಭಾನುವಾರ ಸಂಜೆ ಐದಕ್ಕೆ ಪಾರ್ಕ್‌ನಲ್ಲಿ ಸೇರೋಣ, ಒಗ್ಗರಣೆ–ಮಿರ್ಚಿ ಸಂಘದ ಖರ್ಚು. ನಿವೃತ್ತ ಅಂಕಲ್ ಅರ್ಜಿಯ ಕರಡು ಓದುತ್ತಾರೆ.

6ನೇ ಕ್ರಾಸ್, ಬಾಡಿಗೆ ಮನೆ:
ನಮ್ಮ ಕ್ರಾಸ್ ಪಟ್ಟಿ ನಾನು ಮಾಡುತ್ತೇನೆ ಸರ್. ಶನಿವಾರ ಆಗುತ್ತದೆ. ನಮ್ಮ ಸಾಲಿನಲ್ಲಿ ಇಬ್ಬರು ರಾತ್ರಿ ಪಾಳಿಯವರು ಇದ್ದಾರೆ, ಅವರು ಮಧ್ಯಾಹ್ನ ಎದ್ದ ಮೇಲೆ ಕೇಳಬೇಕು.