ಪದ ಬೇಕು: ಮಗುವಿನ ‘ಕಸ್ಟಡಿ’, ‘ವಿಸಿಟೇಷನ್’ (ನಾಳೆ ಮುದ್ರಣಕ್ಕೆ)

ವಿಶಾಲಾ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಇದೆ, ಅದಕ್ಕೇ ಪೀಠಿಕೆ ಇಲ್ಲ. ಕುಟುಂಬ ನ್ಯಾಯಾಲಯದಲ್ಲಿ ಆಪ್ತ ಸಮಾಲೋಚಕರಾಗಿ ಕೆಲಸ ಮಾಡಲು ಹೊರಟವರಿಗೆ ಒಂದು ತರಬೇತಿ ನಡೆಯಲಿದೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಹುಡುಗ ಹುಡುಗಿಯರೇ ಜಾಸ್ತಿ. ಅದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೀವನಾಂಶ, ವಿಚ್ಛೇದನ, ರಾಜಿ, ಸಂಧಾನ ಯಾವುದೂ ತೊಂದರೆ ಕೊಡಲಿಲ್ಲ. ಸಿಕ್ಕಿಹಾಕಿಕೊಂಡಿರುವುದು ಎರಡು ಕಡೆ.

ಒಂದು, ‘ಕಸ್ಟಡಿ’. ಆದೇಶಗಳಲ್ಲಿ ‘ಮಗುವನ್ನು ತಾಯಿಯ ವಶಕ್ಕೆ ನೀಡಲಾಗಿದೆ’ ಎಂದು ಇರುತ್ತದೆ. ಬೆಳಗ್ಗೆ ಪೇಪರ್ ತೆಗೆದರೆ ‘ಆರೋಪಿ ಪೊಲೀಸ್ ವಶಕ್ಕೆ’, ‘ಗಾಂಜಾ ವಶ’. ಮಗು, ಆರೋಪಿ, ಗಾಂಜಾ, ಮೂರಕ್ಕೂ ಒಂದೇ ಪದ! ಕೈಪಿಡಿಯಲ್ಲಿ ಒಂದಿಡೀ ಅಧ್ಯಾಯ ಇದರ ಮೇಲೇ ಇದೆ. ಅದರ ತಲೆಬರಹಕ್ಕೆ ‘ವಶ’ ಹಾಕಲು ಮನಸ್ಸು ಬರುತ್ತಿಲ್ಲ.

ಎರಡು, ‘ವಿಸಿಟೇಷನ್’. ಮಗುವಿನ ಜೊತೆಯಲ್ಲಿ ಇರದ ಅಪ್ಪನೋ ಅಮ್ಮನೋ ಬಂದು ಅದನ್ನು ನೋಡಿ ಹೋಗುವುದು. ಇದಕ್ಕೆ ಬಾಗಿಲ ಮೇಲಿನ ಬೋರ್ಡೂ ಬೇಕು. ಫ್ಲೆಕ್ಸ್ ಅಂಗಡಿಯವರು ನಾಳೆ ಹನ್ನೊಂದರೊಳಗೆ ಕೊಡಿ ಅಂದಿದ್ದಾರೆ.

ಶ್ರೀಪಾದ:

ಅಭಿರಕ್ಷೆ. ಎರಡನೆಯದಕ್ಕೆ ಸಂದರ್ಶನ. ಕಾನೂನಿನ ಬರವಣಿಗೆಯಲ್ಲಿ ಅಭಿರಕ್ಷೆ ಆಗಲೇ ಬೇರೂರಿದೆ. ಇದರಲ್ಲಿ ಚರ್ಚಿಸುವುದು ಏನಿದೆಯೋ ತಿಳಿಯಲಿಲ್ಲ.

ಮಂಜುನಾಥ, ಹುಬ್ಬಳ್ಳಿ:

ಇದೆ ಸರ್. ‘ನ್ಯಾಯಾಂಗ ಅಭಿರಕ್ಷೆ’ ಅಂದರೆ ಜೈಲು. ವಶಕ್ಕಿಂತ ಅದೇನು ಮೇಲು? ನಾನು ಕೋರ್ಟಿನ ಎದುರು ಕೂತು ಅರ್ಜಿ ಟೈಪ್ ಮಾಡುವವನು. ಅಭಿರಕ್ಷೆ ಅಂತ ಹೊಡೆದರೆ ಕಕ್ಷಿದಾರರು ಕಾಗದ ತಿರುಗಿಸಿ ‘ಇದೇನ್ರಿ’ ಅಂತ ಕೇಳುತ್ತಾರೆ. ನಮ್ಮ ಕಡೆ ಬಾಯಲ್ಲಿರುವುದು ‘ತಾಬಾ’. ಹೊಲದ್ದೂ ಅದೇ, ಕೂಸಿಂದೂ ಅದೇ. ಹಳೇ ಕಾಗದಗಳಲ್ಲಿ ‘ಸುಪರ್ದಿ’ ಇದೆ. ಅದನ್ನು ಯಾಕೆ ಬಿಟ್ಟರು ಅಂತ ನನಗೆ ಇವತ್ತಿಗೂ ಬೇಜಾರು. ಸುಪರ್ದಿ ಅಂದರೆ ನಂಬಿ ಒಪ್ಪಿಸಿದ್ದು, ಜೋಪಾನ ಮಾಡಬೇಕಾದದ್ದು.

ಇನ್ನು ‘ಸಂದರ್ಶನ ಕೊಠಡಿ’ ಅಂತ ಬೋರ್ಡ್ ಹಾಕಿ ನೋಡಿ. ಫೈಲ್ ಹಿಡ್ಕೊಂಡು ಕೆಲಸ ಕೇಳುವವರು ಬಂದು ಕೂರುತ್ತಾರೆ.

ರವಿ:

ಕನ್ನಡದ್ದೇ ಆದ ‘ಆರಯ್ಕೆ’ ಇರುವಾಗ ಸಕ್ಕದವೂ (ಸಂಸ್ಕೃತ) ಪಾರಸಿಯೂ ಏಕೆ? ಹಳಗನ್ನಡದ ‘ಆರಯ್’ ಎಂದರೆ ನೋಡು, ಅರಸು, ಕಾಪಾಡು. ಮಗುವಿಗೆ ಬೇಕಾದ ಅರ‍್ತವೆಲ್ಲ ಅದರಲ್ಲೇ ಇದೆ. ‘ಆರಯ್ಕೆಯ ಹೊಣೆ’ ಎನ್ನಿ. ನೋಡಲು ಬರುವುದಕ್ಕೆ ‘ಕಾಣ್ಕೆ’. ಕಾಣ್ ಜೊತೆಗೆ ಕೆ. ಚಿಕ್ಕದು, ಚೊಕ್ಕದು, ನಮ್ಮದು.

ಮಂಜುನಾಥ, ಹುಬ್ಬಳ್ಳಿ:

‘ಕಾಣ್ಕೆ ಕೋಣೆ’ ಅಂತ ಬರೆದರೆ ಹುಂಡಿ ಎಲ್ಲಿದೆ ಅಂತ ಕೇಳುತ್ತಾರೆ.

ವಿಶಾಲಾ:

ರವಿ ಅವರೆ, ಆರೈಕೆ ನನಗೂ ಇಷ್ಟದ ಪದ. ಆದರೆ ಬಾಣಂತಿಯ ಆರೈಕೆ, ರೋಗಿಯ ಆರೈಕೆ ಎಂದೇ ಕಿವಿಗೆ ಕೂತುಬಿಟ್ಟಿದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅಮ್ಮನ ಜೊತೆ ಮಗು ಇದೆ, ಅವಳದ್ದು ‘ಆರೈಕೆಯ ಹೊಣೆ’ ಅಂದರೆ ಭಾನುವಾರ ಬರುವ ಅಪ್ಪನಿಗೆ ಹೊಣೆಯೇ ಇಲ್ಲ ಅಂತ ಆಗುತ್ತದಲ್ವಾ? ಈ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿಕೊಡುವುದು ಅದರ ವಿರುದ್ಧದ ಮಾತನ್ನೇ.

ಒಂದು ಅಭ್ಯಾಸ ಹೀಗಿದೆ. ಒಬ್ಬರು ಅಪ್ಪನ ಪಾತ್ರ ಮಾಡಬೇಕು. ‘ಮಗೂನ ಅವಳ ವಶಕ್ಕೆ ಕೊಟ್ಬಿಟ್ರು, ನಂದೇನೂ ಉಳೀಲಿಲ್ಲ’ ಎಂದು ಆತ ಕೂಗಾಡುತ್ತಾನೆ. ಎದುರಿಗೆ ಕೂತ ಸಮಾಲೋಚಕಿ ‘ವಶ’ ಎಂಬ ಮಾತನ್ನು ಎತ್ತಿಕೊಳ್ಳುವಂತಿಲ್ಲ. ‘ಪಾಪು ಅಮ್ಮನ ಮನೇಲಿ ಇರುತ್ತೆ. ನೀವು ಯಾವತ್ತು, ಎಷ್ಟು ಹೊತ್ತು ನೋಡಬೇಕು ಅಂತ ಮಾತಾಡೋಣ’ ಎನ್ನಬೇಕು. ಇನ್ನೊಂದು ಅಭ್ಯಾಸ ಮಗುವಿನ ಜೊತೆ ಮಾತಾಡುವುದು. ‘ಅಮ್ಮ ಬೇಕಾ, ಅಪ್ಪ ಬೇಕಾ’ ಎಂದು ಕೇಳಿದವರು ಅಲ್ಲಿಗೆ ಫೇಲ್. ಶಾಲೆ, ಊಟ, ನಿದ್ದೆ, ಯಾರು ಹೋಂವರ್ಕ್ ಮಾಡಿಸುತ್ತಾರೆ, ಹೀಗೆ ಸುತ್ತಿ ಬರಬೇಕು. ಇಂಥ ಪುಸ್ತಕದಲ್ಲೇ ‘ವಶ’ ಬಳಸಿದರೆ ನಾನು ನಗೆಪಾಟಲಾಗುತ್ತೇನೆ.

ಮಂಜುನಾಥ, ಹುಬ್ಬಳ್ಳಿ:

ವಶ ಬೇಡವೇ ಬೇಡ ಮೇಡಂ. ಬಸ್ ಸ್ಟ್ಯಾಂಡ್ ಗೋಡೆ ತುಂಬ ‘ಗಂಡ ಹೆಂಡತಿ ಜಗಳ, ವಶೀಕರಣ, ಒಂದೇ ದಿನದಲ್ಲಿ ಪರಿಹಾರ’ ಅಂತ ಚೀಟಿ ಅಂಟಿಸಿರುತ್ತಾರೆ. ಅವರೂ ನಮ್ಮ ಕಕ್ಷಿದಾರರಿಗೇ ಗಾಳ ಹಾಕುವವರು.

ಜಯಶ್ರೀ:

ನಾನು ವಕೀಲೆ, ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು, ಗಾರ್ಡಿಯನ್ (ಪೋಷಕ) ಬೇರೆ, ಕಸ್ಟಡಿ ಬೇರೆ. ಎರಡಕ್ಕೂ ‘ಪಾಲನೆ’ ಅಂತ ಬರೆದು ಕಲಸಬೇಡಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾನೂನಿನ 6ನೇ ಕಲಮಿನಲ್ಲಿ ಸಹಜ ಪೋಷಕ ತಂದೆ, ಅವರ ನಂತರ ತಾಯಿ ಎಂದಿದೆ. ಅದೇ ಕಲಮು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಎನ್ನುತ್ತದೆ. ಅಂದರೆ ಮಗು ಇರುವುದು ಒಬ್ಬರ ಹತ್ತಿರ, ಸಹಿ ಹಾಕುವ ಅಧಿಕಾರ ಇನ್ನೊಬ್ಬರಿಗೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿಗೆ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ತಂದೆಯ ಸಹಿ ಕೇಳಿತ್ತು. ಆ ‘ನಂತರ’ ಎಂದರೆ ತಂದೆ ಸತ್ತ ಮೇಲೆ ಅಂತಲೇ ಆಗಬೇಕಿಲ್ಲ, ತಂದೆ ಆ ಹೊಣೆಯಲ್ಲಿ ಇಲ್ಲದಾಗ ಅಂತಲೂ ಆಗುತ್ತದೆ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಓದಿತು. ಒಂದು ಪದದ ಅರ್ಥಕ್ಕೆ ಅಷ್ಟು ವರ್ಷ.

ಮಕ್ಕಳು ಬರೀ ಸೊತ್ತಲ್ಲ, ಅಪ್ಪ ಅಮ್ಮನ ಆಟಿಕೆಯೂ ಅಲ್ಲ ಎಂದು ಅದೇ ಕೋರ್ಟು 1973ರಲ್ಲೇ ಹೇಳಿದೆ, ರೋಸಿ ಜೇಕಬ್ ಪ್ರಕರಣದಲ್ಲಿ. ನಾವು ಮಾತ್ರ ಸೊತ್ತಿನ ಪದವನ್ನೇ ಹಿಡಿದಿದ್ದೇವೆ. ಇಂಗ್ಲೆಂಡಿನವರು 1989ರ ಮಕ್ಕಳ ಕಾನೂನಿನಲ್ಲಿ ಕಸ್ಟಡಿ ಆದೇಶವನ್ನು ಕೈಬಿಟ್ಟು ವಾಸದ ಆದೇಶ, ಸಂಪರ್ಕದ ಆದೇಶ ಅಂತ ಮಾಡಿಕೊಂಡರು. 2014ರಲ್ಲಿ ಅದನ್ನೂ ತೆಗೆದು ಎರಡಕ್ಕೂ ಸೇರಿ ‘ಮಗುವಿನ ಏರ್ಪಾಡಿನ ಆದೇಶ’ ಎಂದರು. ಗೆದ್ದವರು ಸೋತವರು ಎಂಬ ಭಾವ ಹೋಗಲಿ ಅಂತ. ನಾವು ಅನುವಾದಿಸಲು ಒದ್ದಾಡುತ್ತಿರುವುದು ಅವರು ಬಿಸಾಕಿದ ಪದವನ್ನು.

ಇನ್ನೊಂದು ಮಾತು. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ಕೋರ್ಟು ಬಿಟ್ಟರೆ ನಾವು ನಿಲ್ಲುತ್ತೇವೆ, ಅದು ಬೇರೆ. ಆದರೆ ಕಾಗದ ಓದಬೇಕಾದವರು ಗಂಡ ಹೆಂಡತಿಯೇ. ಅವರಿಗೆ ಅಭಿರಕ್ಷೆಯೂ ಬೇಡ, ಹಳಗನ್ನಡವೂ ಬೇಡ. ಹಾಗೆ ನೋಡಿದರೆ ‘ಆಪ್ತ ಸಮಾಲೋಚಕ’ ಕೂಡ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಜಗಳವಾಡುವ ಇಬ್ಬರಿಗೂ ಆಪ್ತನಾಗುವುದು ಹೇಗೆ? ಇರಲಿ, ಅದು ಬಳಕೆಗೆ ಬಂದಾಯಿತು.

ಶ್ರೀಪಾದ:

‘ನಂತರ’ ಅಲ್ಲ, ‘ಅನಂತರ’. ಅಂತರವಿಲ್ಲದ್ದು ಅನಂತರ. ತಲೆ ಕಡಿದು ‘ನಂತರ’ ಮಾಡಿದರೆ ಅದಕ್ಕೆ ಅರ್ಥವೇ ಇಲ್ಲ. ವಕೀಲರಾದರೂ ಸರಿಯಾಗಿ ಬರೆಯಬಾರದೆ?

ರವಿ:

ಅದಕ್ಕೇ ‘ಆಮೇಲೆ’ ಎನ್ನಿ. ಕಡಿಯಲು ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಸಕ್ಕದದಿಂದ ಸಾಲ ತಂದರೆ ಬಡ್ಡಿ ಕಟ್ಟುತ್ತಲೇ ಇರಬೇಕಾಗುತ್ತದೆ.

ಶ್ರೀಪಾದ:

ಮಹಾಪ್ರಾಣವನ್ನೇ ಬಿಟ್ಟು ‘ಅರ್ಥ’ವನ್ನು ‘ಅರ್ತ’ ಎಂದು ಬರೆಯುವವರಿಂದ ಪಾಠ ಬೇಕಿಲ್ಲ.

ಮಂಜುನಾಥ, ಹುಬ್ಬಳ್ಳಿ:

ಸಾಲದ ಮಾತು ಬಂತಲ್ಲ. ವಕೀಲ, ಅರ್ಜಿ, ದಾವೆ, ತಕರಾರು, ವಾಯಿದೆ, ಜಾಮೀನು, ರುಜುವಾತು, ರಾಜಿ. ಇವನ್ನೆಲ್ಲ ವಾಪಸ್ ಕೊಟ್ಟರೆ ನಾಳೆಯಿಂದ ಕೋರ್ಟಿಗೆ ಬೀಗ. ‘ಕಕ್ಷಿದಾರ’ ಅಂತೂ ಅರ್ಧ ಸಂಸ್ಕೃತ, ಅರ್ಧ ಪಾರಸಿ. ಅವನನ್ನು ನಡುವೆ ಸೀಳಿ ಇಬ್ಬರೂ ಹಂಚಿಕೊಳ್ಳಿ. ಇಷ್ಟೆಲ್ಲ ಅರಗಿಸಿಕೊಂಡ ಕನ್ನಡಕ್ಕೆ ಒಂದು ಸುಪರ್ದಿ ಭಾರವಾಯಿತೆ?

ಜಯಶ್ರೀ:

ಭಾರವಲ್ಲ, ಮಂಜಣ್ಣ. ಪೊಲೀಸರು ಹಿಡಿದ ಗಾಡಿಯನ್ನು ಸುಪರ್ದಿಗೆ ಬಿಡಿಸಿಕೊಳ್ಳುವ ಅರ್ಜಿ ನೀವೇ ಎಷ್ಟು ಟೈಪ್ ಮಾಡಿಲ್ಲ? ಗಾಂಜಾ ಬಿಟ್ಟು ಬೈಕಿಗೆ ಬಂದ ಹಾಗಾಯಿತು.

ಮಂಜುನಾಥ, ಹುಬ್ಬಳ್ಳಿ:

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಪದ ಚಲೋ ಐತಿ.

ವಿಶಾಲಾ:

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡುತ್ತಿದ್ದೇನೆ. ಅಧ್ಯಾಯದ ಹೆಸರು ‘ಮಗು ಯಾರ ಜೊತೆ ಇರಬೇಕು?’ ಒಳಗೆ ಕ್ರಿಯಾಪದದಿಂದಲೇ ಸಾಗಿಸುತ್ತೇನೆ: ಮಗು ಇರುವುದು, ಇರಿಸಿಕೊಳ್ಳುವುದು, ನೋಡಲು ಬರುವುದು. ನಾಮಪದ ಬಿಟ್ಟಮೇಲೆ ವಾಕ್ಯಗಳು ತಾವೇ ಸರಾಗವಾದವು. ಆದೇಶವನ್ನು ಇದ್ದ ಹಾಗೆ ಕೊಡಬೇಕಾದ ಕಡೆ ‘ವಶ’ ಇರುತ್ತದೆ, ಉದ್ಧರಣ ಚಿಹ್ನೆಯೊಳಗೆ. ಕೈಪಿಡಿಯ ಕೊನೆಯ ಪದಪಟ್ಟಿಯಲ್ಲಿ ಅಭಿರಕ್ಷೆ, ತಾಬಾ, ಸುಪರ್ದಿ ಮೂರನ್ನೂ ಸೇರಿಸುತ್ತೇನೆ. ಯಾವ ಜಿಲ್ಲೆಯ ಕಾಗದ ಕೈಗೆ ಬರುತ್ತದೋ ಯಾರಿಗೆ ಗೊತ್ತು.

ಬೋರ್ಡಿಗೆ ‘ಮಕ್ಕಳ ಭೇಟಿ ಕೋಣೆ’. ಅದನ್ನು ದೊಡ್ಡವರು ಮಾತ್ರ ಓದುವುದಿಲ್ಲ. ಎರಡನೇ ಕ್ಲಾಸಿನ ಮಗುವೂ ಬಾಗಿಲಲ್ಲಿ ನಿಂತು ಅಕ್ಷರ ಕೂಡಿಸಿ ಓದುತ್ತದೆ. ಓದಿ ಹೆದರಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ರವಿ:

ಕೋಣೆ ಸರಿ. ‘ಬೇಟಿ’ ಎಂದೇ ಬರೆಸಿ, ನಾಲಗೆ ನುಡಿಯುವುದು ಹಾಗೇ.

ಮಂಜುನಾಥ, ಹುಬ್ಬಳ್ಳಿ:

ನಮ್ಮೂರಲ್ಲಿ ‘ಬೇಟಿ ಕೋಣೆ’ ಅಂದರೆ ಹೆಣ್ಣುಮಕ್ಕಳಿಗೆ ಮಾತ್ರ ಅಂತ ತಿಳಿದು ಗಂಡು ಹುಡುಗರು ಹೊರಗೇ ನಿಲ್ಲುತ್ತಾರೆ ಮಾರಾಯ್ರೆ.

ವಿಶಾಲಾ:

ಭ ಇಟ್ಟೇ ಕಳಿಸಿದ್ದೇನೆ. ಅಂಗಡಿಯವರು ಅದನ್ನು ಉಳಿಸಿದರೆ ಪುಣ್ಯ.

ಶ್ರೀಪಾದ:

ಅಭಿರಕ್ಷೆಯನ್ನು ಪದಪಟ್ಟಿಯಲ್ಲಿ ಮೊದಲು ಹಾಕಿ. ಅಕಾರಾದಿಯಲ್ಲೂ ಅದೇ ಮೊದಲು ಬರುತ್ತದೆ.